ಲಾಲಮ್ಮನ ಪರದೆ

ಬೀದರಿನ ಹೊರಗೆ, ಕಾರ್ಖಾನೆಗಳಿರುವ ಕೊಳಾರದ ಕಡೆ ಹೋಗುವ ಆಟೊದಲ್ಲಿ ಮೊನ್ನೆ ಆ ವಾಸನೆ ಬಂತು. ಎಣ್ಣೆ ಹಚ್ಚಿದ ತೊಗರಿ ಬಿಸಿಲಿಗೆ ಒಣಗುವಾಗ ಏಳುವ ವಾಸನೆ. ಅರ್ಧ ಅಡುಗೆಮನೆಯದು, ಅರ್ಧ ಕಾರ್ಖಾನೆಯದು. ಬೇಳೆ ಒಡೆಯುವ ಮೊದಲು ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಮಿಲ್ಲಿನ ಅಂಗಳದಲ್ಲಿ ಹರವಿಬಿಡುತ್ತಾರೆ. ಆಟೊ ನಿಲ್ಲಿಸಿ ಅಂದೆ. ಅಂದೆನೋ, ಅನ್ನಬೇಕೆಂದುಕೊಂಡೆನೋ... ಆಟೊ ನಿಲ್ಲಲಿಲ್ಲ ಎಂಬುದಂತೂ ನಿಜ.

ಆ ವಾಸನೆ ಬಹಳ ಕಾಲ ನಮ್ಮ ನಾಟಕದ ಪರದೆಯಲ್ಲಿತ್ತು. ಪರದೆ ಕೊಟ್ಟವರು ಬೇಳೆ ಮಿಲ್ಲಿನ ಸೇಠ್. ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಹೆಸರು ಬರೆದರೆ ಓದುವವರು ಮೊದಲು ಜಾತಿ ನೋಡುತ್ತಾರೆ, ಆಮೇಲೆ ಪಕ್ಷ ನೋಡುತ್ತಾರೆ, ಇನ್ನೂ ವ್ಯವಧಾನವಿದ್ದರೆ ಉಳಿದದ್ದನ್ನು ಓದುತ್ತಾರೆ. ಮೇಲಾಗಿ, ಬರೆಯಬೇಡಿ ಎಂದು ಅವರೇ ಹೇಳಿದ್ದರು. ಆ ಮಾತನ್ನು ಅವರು ಹೇಳಿದ್ದಕ್ಕೆ ಸಾಕ್ಷಿ ಇದೆ. ಉಳಿದ ಎಷ್ಟೋ ಮಾತುಗಳಿಗೆ ಇಲ್ಲ.

ನಾನಾಗ ಬೀದರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸಂಜೆ ನಾಟಕದ ತಂಡದಲ್ಲಿ ಪ್ರಾಂಪ್ಟರ್. ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ನಟರು ಮರೆತ ಮಾತನ್ನು ಮೆಲ್ಲಗೆ ಹೇಳಿಕೊಡುವ ಕೆಲಸ. ತಂಡ ಕಟ್ಟಿದವರು ಡ್ರಾಯಿಂಗ್ ಮಾಸ್ತರರು. ನಗರಸಭೆಯ ಹಳೆಯ ಶಾಲೆಯೊಂದು ಮುಚ್ಚಿಹೋಗಿತ್ತು. ಅದರ ದೊಡ್ಡ ಕೋಣೆಯಲ್ಲಿ ನಮ್ಮ ತಾಲೀಮು. ಯಾರ ಅಪ್ಪಣೆಯೂ ಇಲ್ಲದೆ ಮಾಸ್ತರರು ಅಲ್ಲಿ ಫರಸಿ ಕಲ್ಲು ಜೋಡಿಸಿ ಒಂದು ರಂಗ ಎಬ್ಬಿಸಿದ್ದರು. ಆ ಕೋಣೆ ಹೋದರೆ ತಂಡವೂ ಹೋಗುತ್ತಿತ್ತು. ಮನೆ ಮನೆಯ ಮಾಳಿಗೆಯ ಮೇಲೆ ತಾಲೀಮು ಮಾಡಿ ಬೈಸಿಕೊಂಡ ಕಾಲ ಮುಗಿದಿತ್ತು. ಇನ್ನೊಮ್ಮೆ ಅಷ್ಟು ಜನರನ್ನು ಕೂಡಿಸುವ ವಯಸ್ಸು ಮಾಸ್ತರರಿಗೆ ಉಳಿದಿರಲಿಲ್ಲ.

ಆ ಕೋಣೆಯ ಮೇಲೆ ಇನ್ನೊಂದು ಕಣ್ಣು ಬಿದ್ದಿತ್ತು. ಆ ವಾರ್ಡಿನ ಮೆಂಬರ್ ಸಾಹೇಬರು ನಮ್ಮನ್ನು ಕರೆಸಿ, ತಮ್ಮ ಎಂದಿನ ನಗುಮುಖದಲ್ಲೇ ಹೇಳಿದರು.

"ನೋಡ್ರಿ ಮಾಸ್ತರ, ಆ ಖೋಲಿಗಿ ಶುದ್ಧ ನೀರಿನ ಘಟಕದವರೂ ಕೇಳ್ಯಾರ. ನೀರು ಬ್ಯಾಡ, ನಾಟಕ ಬೇಕು ಅಂತ ಜನಕ್ಕ ನಾ ಹ್ಯಾಂಗ ಹೇಳ್ಲಿ? ಒಂದು ಕೆಲಸಾ ಮಾಡ್ರಿ. ಬೀದರ, ಭಾಲ್ಕಿ, ಔರಾದ, ಮೂರೂ ಕಡಿ ನಾಟಕಾ ಆಗ್ಲಿ. ಊರಿನ ದೊಡ್ಡವರೆಲ್ಲಾ ಬಂದು ಮುಂದ ಕೂಡ್ಲಿ. ಪೇಪರಿನಾಗ ಫೋಟೊ ಬರ್ಲಿ. ಎಲ್ಲೂ ಜಗಳಾ ಆಗಬಾರದು. ಹಂಗಾತಂದ್ರ ಖೋಲಿ ನಿಮ್ಮದು."

ಮೂರೂರಿನ ದೊಡ್ಡವರ ಮುಂದೆ ಟೆಂಟ್ ಹೌಸಿನ ಚಾದರ ಕಟ್ಟಿ ನಾಟಕ ಆಡುವುದು ಮಾಸ್ತರರಿಗೆ ಅವಮಾನ ಅನ್ನಿಸಿತು. ಹಾಗಾಗಿ ನಾವಿಬ್ಬರೂ ಕೊಳಾರದ ಬೇಳೆ ಮಿಲ್ಲಿಗೆ ಹೋದೆವು. ಅಲ್ಲಿ ಮಾತಾಡಬೇಕೆಂದರೆ ಕೂಗಬೇಕು. ಸೇಠ್ ಬಿಳಿ ಶರ್ಟಿನಲ್ಲಿ ನಿಂತಿದ್ದರು, ಹುಬ್ಬಿನ ಮೇಲೆ ತೊಗರಿ ಹೊಟ್ಟಿನ ಧೂಳು.

"ರೊಕ್ಕಾ ಕೊಡೂದಿಲ್ಲರಿ," ಅಂದರು, ನಾವಿನ್ನೂ ಬಾಯಿ ತೆರೆಯುವ ಮೊದಲೇ. "ಏನು ಇಲ್ಲ ಹೇಳ್ರಿ. ಅದನ್ನ ಕೊಡ್ತೇನಿ."

"ಪರದಿ ಇಲ್ಲರಿ," ಮಾಸ್ತರರು ಕೂಗಿದರು. "ಟೆಂಟ್ ಹೌಸಿನ ಚಾದರ ಕಟ್ತೇವಿ. ಅದರ ಮ್ಯಾಲ ನವಿಲು ಅದ."

"ನವಿಲು ಛಲೋನೇ ಅದಲ್ಲ?"

"ಅಳೂ ನಾಟಕಕ್ಕ ನವಿಲು ಹ್ಯಾಂಗ್ರಿ ಸೇಠ್?"

ಸೇಠ್ ನಗಲಿಲ್ಲ. ಅದನ್ನು ನಿಜವಾಗಿಯೂ ಯೋಚಿಸಿದವರಂತೆ ತಲೆ ಅಲ್ಲಾಡಿಸಿದರು. ಸ್ವಲ್ಪ ದಿನಕ್ಕೆ ಹೈದರಾಬಾದಿನಿಂದ ಪರದೆ ಬಂತು, ಮಿಲ್ಲಿನ ಪಿಕಪ್ಪಿನಲ್ಲಿ, ತೊಗರಿ ಚೀಲಗಳ ನಡುವೆ ಮಡಚಿಕೊಂಡು. ಕೆಂಪು ಮಖಮಲ್ಲು, ಒಳಗೆ ದಪ್ಪ ಅಸ್ತರು, ಹಿತ್ತಾಳೆಯ ಬಳೆಗಳು. ಹುಡುಗಿಯರು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಮಾಸ್ತರರು ಕೂಡಲೇ ಮಿಲ್ಲಿಗೆ ಫೋನ್ ಮಾಡಿದರು: ಹೆಸರು ಎಲ್ಲಿ ಬರೆಸಬೇಕು, ಮೇಲಿನ ಝಾಲರಿಯ ಮೇಲೋ, ನಟ್ಟನಡುವೆಯೋ?

"ಎಲ್ಲೂ ಬ್ಯಾಡ," ಅಂದರು ಸೇಠ್. "ನಾ ಕೊಟ್ಟೇನಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ. ಬಾಯಾಗೂ ಬರಬಾರದು."

ಆಗಲಿ ಎಂದು ಮಾತು ಕೊಟ್ಟೆವು. ಮಾತು ಕೊಟ್ಟ ಗಳಿಗೆಯಿಂದಲೇ ನಮಗೆ ಅನುಮಾನ ಶುರುವಾಯಿತು.

ಇದು ಬೇರೆ ಊರಿನವರಿಗೆ ವಿಚಿತ್ರ ಅನ್ನಿಸಬಹುದು. ನಮ್ಮ ಜಿಲ್ಲೆಯಲ್ಲಿ ಹೆಸರಿಲ್ಲದ ದಾನ ಎಂಬುದು ಇಲ್ಲ. ಸಭಾಭವನದ ಫ್ಯಾನಿನ ಪ್ರತಿ ರೆಕ್ಕೆಯ ಮೇಲೆ ಹೆಸರಿರುತ್ತದೆ; ತಿರುಗುವಾಗ ಓದಲಾಗುವುದಿಲ್ಲವೆಂದು ಕರೆಂಟು ಹೋದಾಗ ದಾನಿಯ ಮನೆಯವರು ಕತ್ತೆತ್ತಿ ನೋಡುತ್ತಾರೆ. ಬಸ್ ನಿಲ್ದಾಣದ ಕಲ್ಲುಬೆಂಚು, ಆಸ್ಪತ್ರೆಯ ಗಾಲಿಕುರ್ಚಿ, ಸ್ಮಶಾನದ ತಗಡಿನ ಮಾಡು, ನೀರಿನ ಲೋಟ... ಎಲ್ಲದಕ್ಕೂ ಹೆಸರು. ಯಾವುದೇ ಕಾರ್ಯಕ್ರಮ ಶುರುವಾಗುವ ಮೊದಲು ಮೈಕಿನಲ್ಲಿ ಒಬ್ಬೊಬ್ಬ ದಾನಿಯ ಹೆಸರನ್ನೂ ಓದಿ, ಶಾಲು ಹೊದಿಸಿ, ಫೋಟೊ ತೆಗೆದ ಮೇಲೆಯೇ ಮುಂದಿನ ಮಾತು. ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ಆ ಹೆಸರು ಒಂದು ಕೆಲಸ ಮಾಡುತ್ತದೆ. ಈ ಕುರ್ಚಿ ಯಾರದು, ಈ ಕುರ್ಚಿಯ ಮೇಲೆ ಕೂತರೆ ನಾನು ಯಾರ ಕಡೆಯವನಾಗುತ್ತೇನೆ ಎಂಬುದನ್ನು ಬಂದವನಿಗೆ ತಿಳಿಸುತ್ತದೆ. ತಿಳಿದ ಮೇಲೆ ಅವನು ಕೂರುತ್ತಾನೆ, ಇಲ್ಲವೇ ಹೋಗುತ್ತಾನೆ. ಎರಡೂ ಸಭ್ಯತೆಯೇ.

ನಮ್ಮ ಸೆಟ್ಟು ಬರೆಯುತ್ತಿದ್ದ ಪೇಂಟರ್ ಚಾಚಾ ಇಡೀ ಬೀದರಿಗೆ ಅಂಗಡಿ ಬೋರ್ಡು ಬರೆದವರು. ಅವರು ಪರದೆಯನ್ನು ಹಿಂದೆ ಮುಂದೆ ತಿರುವಿ ನೋಡಿ ಹೇಳಿದರು, "ಹೆಸರು ನಕ್ಕೊ ಅನ್ನೋ ಸೇಠ್‌ನ ನಾ ಇವತ್ತೇ ನೋಡಿದ್ದು ಟೀಚರಮ್ಮ. ಇದ್ರಾಗ ಏನೋ ಗಡಬಡ ಅದ."

ಏನು ಗಡಬಡ? ಮುಂದಿನ ಸಲ ನಗರಸಭೆಗೆ ನಿಲ್ಲುತ್ತಾರೆ ಎಂದರು ಮಾಸ್ತರರು. ನಿಲ್ಲುವವರಾದರೆ ಹೆಸರು ಬೇಕಲ್ಲ ಎಂದೆ ನಾನು. ಕಣ್ಣು ತಪ್ಪಿಸಬೇಕಾದ ಸರಕಾರಿ ಇಲಾಖೆ ಯಾವುದೋ ಇರಬೇಕು ಎಂದರು ಚಾಚಾ. ಇಡೀ ಪರದೆ ಕೊಡುವ ಮನುಷ್ಯ ತಾಲೀಮಿಗೆ ಬಂದು ಹಿಂದಿನ ಗೋಡೆಗೆ ಆತು ಕಣ್ಣು ಮುಚ್ಚಿ ಕೂರುತ್ತಿದ್ದುದು ನನಗೆ ಎಲ್ಲಕ್ಕಿಂತ ಅನುಮಾನ ತರಿಸುತ್ತಿತ್ತು. ನಿದ್ದೆಯೇ? ಕೇಳುತ್ತಿದ್ದರೇ? ಒಮ್ಮೆ ಅವರು ನನ್ನ ಹತ್ತಿರ, "ನನಗ ನಾಟಕಾ ತಿಳಿಯೂದಿಲ್ಲರಿ, ಪರದಿ ತೆರಿಯೂ ಹೊತ್ತಿನಾಗ ಎಲ್ಲಾರೂ ಸುಮ್ಮನಾಗ್ತಾರಲ್ಲ, ಅದಕ್ಕ ಬರ್ತೇನಿ" ಎಂದ ನೆನಪಿದೆ. ದಿನವಿಡೀ ಯಂತ್ರದ ಸದ್ದಿನಲ್ಲಿ ಇರುವವರ ಬಾಯಲ್ಲಿ ಎಷ್ಟು ಚೆಂದ ಕೂರುವ ಮಾತು. ಅದಕ್ಕೇ ನಂಬಲು ಹಿಂಜರಿಯುತ್ತೇನೆ. ಆ ಮಾತನ್ನು ಅವರು ಹೇಳಿದರೋ, ಅವರು ಹೋದ ಮೇಲೆ ನಾನೇ ಬರೆದು ಅವರ ಬಾಯಲ್ಲಿ ಇಟ್ಟೆನೋ. ಪ್ರಾಂಪ್ಟರುಗಳಿಗೆ ಈ ಚಟ ಇರುತ್ತದೆ.

ಬೀದರಿನ ಪ್ರದರ್ಶನ ಹೇಗೋ ದಾಟಿತು. ಕುರ್ಚಿ ಕೊಟ್ಟವರು, ಮೈಕು ಕೊಟ್ಟವರು, ಉಪ್ಪಿಟ್ಟು ಕೊಟ್ಟವರು, ಎಲ್ಲರ ಹೆಸರು ಓದಿದ ಮಾಸ್ತರರು ಪರದೆಯ ಹತ್ತಿರ ಬಂದಾಗ ತಡವರಿಸಿ "ಕಲಾಭಿಮಾನಿಗಳು" ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೇಠ್ ಕೊನೆಯ ಸಾಲಿನಲ್ಲಿ ಶೇಂಗಾ ತಿನ್ನುತ್ತ ಕೂತಿದ್ದರು.

ಭಾಲ್ಕಿಯಲ್ಲಿ ದಾಟಲಿಲ್ಲ. ಅಲ್ಲಿ ಮೈದಾನ, ಕುರ್ಚಿ, ತಂಡದ ಊಟ ಎಲ್ಲ ಹೊತ್ತವರು ವ್ಯಾಪಾರಿ ಸಂಘದ ಅಧ್ಯಕ್ಷರು. ಮಧ್ಯಾಹ್ನ ವ್ಯವಸ್ಥೆ ನೋಡಲು ಬಂದರು. ಪರದೆಯ ಮುಂದೆ ನಿಂತು ಮೇಲಿನಿಂದ ಕೆಳಗೆ ಹೆಸರು ಹುಡುಕಿದರು.

"ಭಾರಿ ಪರದಿ. ಯಾರು ಕೊಟ್ಟಾರ್ರಿ?"

"ಹೇಳಬಾರದು ಅಂತ ಹೇಳ್ಯಾರ್ರಿ," ಅಂದರು ಮಾಸ್ತರರು.

"ಹೇಳಬಾರದು ಅಂದ್ರ? ಎಲ್ಲಾರಿಗೂ ಹೇಳಬಾರದೊ, ನನಗ ಹೇಳಬಾರದೊ?"

"ಯಾರಿಗೂ ರಿ."

"ಭಾಲ್ಕಿಯಾಗ ನಾಟಕಾ, ಮೈದಾನ ನಂದು, ಊಟಾ ನಂದು. ನನ್ನ ಮುಂದ ಹೇಳಬಾರದ ಹೆಸರು ಈ ಊರಾಗ ಒಂದೇ ಅದ ಮಾಸ್ತರ. ಅದು ನನಗೂ ಗೊತ್ತದ, ನಿಮಗೂ ಗೊತ್ತದ."

ಹಿಂದಿನ ಅಧ್ಯಕ್ಷರ ಬಗ್ಗೆ ಅವರು ಹೇಳುತ್ತಿದ್ದುದು. ಇಬ್ಬರಿಗೂ ಹಳೆಯ ಹಗೆ. ತನ್ನ ಮೈದಾನದಲ್ಲಿ ತನ್ನ ಊಟ ಉಂಡು ಎದುರಾಳಿಯ ಪರದೆ ಕಟ್ಟಿದ್ದೇವೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಹೊತ್ತು ಇಳಿಯುವಷ್ಟರಲ್ಲಿ ಟ್ರ್ಯಾಕ್ಟರ್ ಬಂತು, ಕುರ್ಚಿಗಳು ಹೋದವು. ನಾನು ಕೂತಿದ್ದ ಸ್ಟೂಲನ್ನೂ ಎಬ್ಬಿಸಿ ಒಯ್ದರು, ಅದು ನಮ್ಮದೇ ಆಗಿದ್ದರೂ. ಇಷ್ಟರಲ್ಲಿ ಸುದ್ದಿ ಹಿಂದಿನ ಅಧ್ಯಕ್ಷರಿಗೂ ಮುಟ್ಟಿ, ಅವರ ಕಡೆಯ ಮನುಷ್ಯ ಮೋಟಾರ್ ಸೈಕಲ್ ಮೇಲೆ ಬಂದ. ಅವರ ಮೈದಾನಕ್ಕೆ ಬನ್ನಿ, ಪರದೆ ಅವರೇ ಕೊಟ್ಟದ್ದು ಎಂದು ಮೈಕಿನಲ್ಲಿ ಹೇಳಿದರೆ ಸಾಕು, ಎಂದ.

"ಅವರು ಕೊಟ್ಟಿಲ್ಲಲ್ಲಪಾ," ಅಂದರು ಮಾಸ್ತರರು.

"ಕೊಟ್ಟವರು ಹೇಳವಲ್ಲರು, ಹೇಳವರು ಕೊಟ್ಟಿಲ್ಲ. ನಿಮಗೇನು ತ್ರಾಸು ಅದ?"

ಪರದೆ ಬಿಚ್ಚಿ ಮಡಚಿದೆವು. ನಾಟಕ ಆಡದೆ ಬೀದರಿಗೆ ಮರಳಿದೆವು. ಮೆಂಬರ್ ಸಾಹೇಬರಿಗೆ ನಮಗಿಂತ ಮೊದಲೇ ಸುದ್ದಿ ಬಂದಿತ್ತು. ಔರಾದದಲ್ಲೂ ಹೀಗಾದರೆ ಕೋಣೆಯ ಕೀಲಿಯನ್ನು ನೀರಿನವರಿಗೆ ಕೊಡುವುದಾಗಿ ಹೇಳಿದರು. ಆಗಲೂ ನಗುಮುಖವೇ.

ಮತ್ತೆ ಮಿಲ್ಲಿಗೆ ಹೋದೆವು. ಮಾಸ್ತರರು ಕೈಮುಗಿದು ಕೇಳಿಕೊಂಡರು, ಹೆಸರು ಬರೆಯಲು ಬಿಡಿ ಎಂದು. ಸಣ್ಣ ಅಕ್ಷರದಲ್ಲಾದರೂ.

"ನನ್ನ ಹೆಸರು ಬರದ್ರ ಜಗಳಾ ತಪ್ಪತದೇನ್ರಿ?" ಸೇಠ್ ಕೇಳಿದರು. "ನನ್ನ ಹೆಸರಿಗೂ ಎದ್ದು ಹೋಗವರು ಇದ್ದಾರ. ಯಾವ ಹೆಸರಿಗೂ ಯಾರಾದ್ರೂ ಒಬ್ಬರು ಎದ್ದು ಹೋಗವರೇ. ಖಾಲಿ ಇರ್ಲಿ ಬಿಡ್ರಿ."

"ಖಾಲಿ ಇದ್ರ ಎಲ್ಲಾರೂ ಎದ್ದು ಹೋಗ್ತಾರ್ರಿ," ಅಂದೆ ನಾನು. "ಅಷ್ಟು ಯಾಕ ಬ್ಯಾಡ ಅಂತೀರಿ?"

ಅವರು ಏನೋ ಹೇಳಿದರು. ಯಂತ್ರದ ಸದ್ದಿನಲ್ಲಿ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಇನ್ನೊಮ್ಮೆ ಕೇಳುವುದು ಅಸಭ್ಯ ಅನ್ನಿಸಿತು. ಮಾಸ್ತರರ ಪ್ರಕಾರ ಸೇಠ್ ಆಗ "ಹೆಸರು ಸಾಕಾಗ್ಯಾದ" ಅಂದರು. ಮಾಸ್ತರರು ನನಗಿಂತ ದೂರ ನಿಂತಿದ್ದರು. ಅವರಿಗೆ ಹೇಗೆ ಕೇಳಿಸಿತು?

ಆ ಸಂಜೆ ಕೋಣೆಯಲ್ಲಿ ಮಾಸ್ತರರು, ಚಾಚಾ, ನಾನು ಮೂವರೇ ಕೂತು, ಹೆಸರೊಂದನ್ನು ಹುಟ್ಟಿಸಿಬಿಡುವುದು ಎಂದು ನಿರ್ಧರಿಸಿದೆವು. ಸೇಠ್ ಬೇಡವೆಂದದ್ದು ಅವರ ಹೆಸರನ್ನು ತಾನೆ. ಸತ್ತವರ ಹೆಸರಾಗಿರಬೇಕು, ಸತ್ತವರು ಚುನಾವಣೆಗೆ ನಿಲ್ಲುವುದಿಲ್ಲ. ಹೆಂಗಸಾಗಿರಬೇಕು, ಹೆಂಗಸಿನ ಹೆಸರಿನ ಮೇಲೆ ಗಂಡಸರು ಅಷ್ಟು ಬೇಗ ಜಗಳಕ್ಕೆ ಬರುವುದಿಲ್ಲ. ಅಡ್ಡಹೆಸರು ಇರಬಾರದು. ಇಷ್ಟರ ಮೇಲೆ ಯಾವ ಹೆಸರು ಹೇಳಿದರೂ ಚಾಚಾ ಕುಂಚ ಕೆಳಗಿಡುತ್ತಿದ್ದರು: ಇದು ಆ ಮಠದವರದು, ಇದು ಮರಾಠರದು, ಇದು ನಮ್ಮವರದು, ಇದು ಕೇಳಿದ ಕೂಡಲೇ ಓಣಿ ಗೊತ್ತಾಗತದ. ಊರಿನ ಬೋರ್ಡುಗಳನ್ನೆಲ್ಲ ಬರೆದ ಕೈ ಅದು.

ಕೊನೆಗೆ ಬಂದ ಹೆಸರು ಲಾಲಮ್ಮ. ನಮ್ಮ ಕಡೆ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಕ್ಕಳಿಗೆ ಲಾಲಪ್ಪ, ಹುಸೇನಪ್ಪ, ಫಕೀರಮ್ಮ ಎಂದೆಲ್ಲ ಹೆಸರಿಡುತ್ತಾರೆ. ಲಾಲಮ್ಮ ಎಂದರೆ ಯಾವ ಓಣಿಯವಳೂ ಆಗಬಹುದು. ಎಲ್ಲರ ಮನೆಯಲ್ಲೂ ಹಿಂದೆ ಎಲ್ಲೋ ಒಬ್ಬಳಿರುತ್ತಾಳೆ. "ಇದಕ್ಕ ಯಾರೂ ಎದ್ದು ಹೋಗೂದಿಲ್ಲ," ಎಂದು ಚಾಚಾ ಕುಂಚ ಎತ್ತಿಕೊಂಡರು. ಮಖಮಲ್ಲಿನ ನಟ್ಟನಡುವೆ ಬಿಳಿ ಬಣ್ಣದಲ್ಲಿ ಬರೆದರು: ದಿವಂಗತ ಲಾಲಮ್ಮನವರ ಸ್ಮರಣಾರ್ಥ.

ಈ ಹೆಸರನ್ನು ಮೊದಲು ಬಾಯಿಬಿಟ್ಟು ಹೇಳಿದವರು ಯಾರು? ಇದನ್ನು ನೇರವಾಗಿ ಬರೆದುಬಿಡುತ್ತೇನೆ: ನನಗೆ ಗೊತ್ತಿಲ್ಲ. ಚಾಚಾ ಹೇಳಿದರೆಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಚಾಚಾನನ್ನು ಕೇಳಿದರೆ "ನೀವೇ ಹೇಳಿದ್ರಿ ಟೀಚರಮ್ಮ, ನಾ ಬರದೆ ಅಷ್ಟೇ" ಅನ್ನುತ್ತಾರೆ. ಸೇಠ್ ಯಾವಾಗಲೋ ಮಾತಿನ ನಡುವೆ ಆ ಹೆಸರು ಅಂದಿದ್ದರು, ಅದೇ ತಲೆಯಲ್ಲಿ ಉಳಿದಿರಬೇಕು ಎಂದು ಮಾಸ್ತರರು ಹೇಳುತ್ತಿದ್ದರು. ಆದರೆ ಅವರು ಹಾಗೆ ಹೇಳತೊಡಗಿದ್ದು ಸೇಠ್ ಮತ್ತು ಲಾಲಮ್ಮನ ಬಗ್ಗೆ ಊರಲ್ಲಿ ಗುಸುಗುಸು ಶುರುವಾದ ಮೇಲೆ.

ಔರಾದದಲ್ಲಿ ಏನಾಯಿತೆಂದರೆ, ಎಲ್ಲವೂ ಸರಿಯಾಯಿತು. ಮಾಸ್ತರರು ಮೈಕಿನಲ್ಲಿ ಲಾಲಮ್ಮನವರ ಹೆಸರು ಓದಿದರು. ಜನ ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಪರದೆಯ ಸಂದಿಯಿಂದ ನನಗೆ ಕೇಳುತ್ತಿತ್ತು.

"ಯಾವ ಲಾಲಮ್ಮ? ಬಾಣಂತನ ಮಾಡ್ತಿದ್ದಳಲ್ಲ, ಆಕಿ?"

"ಅಲ್ಲೋ ಮಾರಾಯಾ, ಬಳಿ ಲಾಲಮ್ಮ. ನಮ್ಮವ್ವಗ ಆಕಿನೇ ಬಳಿ ತೊಡಸ್ತಿದ್ದಳು. ಭಾಳ ಬಾಯಿ ಆಕಿಂದು."

"ಬಳಿ ಮಾರಾಕಿ ಇಂಥಾ ಪರದಿ ಹ್ಯಾಂಗ ಕೊಡತಾಳ?"

"ಮಕ್ಕಳು ದುಬೈಯಾಗ ಇರಬೇಕು."

ವೇದಿಕೆಯ ಮೇಲಿದ್ದ ಊರ ಹಿರಿಯರಿಗೆ ಪೇಚಾಟ. ದಾನಿಗೆ ಶಾಲು ಹೊದಿಸಬೇಕು, ದಾನಿ ಇಲ್ಲ, ಮನೆಯವರೂ ಇಲ್ಲ. ತಮ್ಮ ತಮ್ಮಲ್ಲೇ ಸ್ವಲ್ಪ ಚರ್ಚಿಸಿ, ಬೇರೆ ಬೇರೆ ಪಕ್ಷದ ಇಬ್ಬರು ಮುಖಂಡರು ಜೊತೆಯಾಗಿ ಬಂದು ಶಾಲನ್ನು ಪರದೆಗೇ ಪಿನ್ನು ಹಾಕಿ ತೊಡಿಸಿದರು. ಹಾರವನ್ನೂ ಹಾಕಿದರು. ಯಾರೂ ಎದ್ದು ಹೋಗಲಿಲ್ಲ. ನಾಟಕ ಮುಗಿಯುವವರೆಗೆ ಮುಂದಿನ ಸಾಲು ತುಂಬಿತ್ತು, ಫೋಟೊ ಬಂತು, ಮೆಂಬರ್ ಸಾಹೇಬರು ಫೋನಿನಲ್ಲಿ ಭೇಷ್ ಅಂದರು. ಮಾಸ್ತರರು ಬಣ್ಣದ ಕೋಣೆಯಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟರು. ಕೋಣೆ ಉಳಿಯಿತು.

ಜನ ಕರಗಿದ ಮೇಲೆ ನೋಡಿದರೆ ಸೇಠ್ ಬಂದಿದ್ದಾರೆ. ನಾವು ಕರೆದಿರಲಿಲ್ಲ. ಪರದೆಯ ಮುಂದೆ ನಿಂತು ಶಾಲನ್ನು ನೋಡುತ್ತಿದ್ದರು.

"ಈಕಿ ಯಾರ್ರಿ?" ಅಂದರು.

"ಯಾರೂ ಅಲ್ಲ ಸೇಠ್. ನಾವೇ ಹುಟ್ಟಿಸೇವಿ," ಮಾಸ್ತರರಿಗೆ ಇನ್ನೂ ಸಂತೋಷದ ಅಮಲು.

"ಶಾಲು ಹಾಕ್ಯಾರ ಆಕಿಗಿ."

"ಹೌದ್ರಿ. ಭಾಳ ಛಲೋ ಆತು."

"ನನ್ನ ಪರದಿ," ಅಂದರು ಸೇಠ್. ಅಷ್ಟೇ. ಸಿಟ್ಟಿನಲ್ಲಿ ಹೇಳಿದ್ದರೆ ಗೊತ್ತಾಗುತ್ತಿತ್ತು, ದುಃಖದಲ್ಲಿ ಹೇಳಿದ್ದರೂ ಗೊತ್ತಾಗುತ್ತಿತ್ತು. ಮನೆಯ ವಸ್ತುವನ್ನು ಸಂತೆಯಲ್ಲಿ ಕಂಡವರು ಗುರುತು ಹಿಡಿಯುವ ದನಿ ಅದು. ಆಮೇಲೆ ಕಾರು ಹತ್ತಿ ಹೋದರು.

ತಂಡದ ಹುಡುಗಿಯರು ಈ ಪ್ರಸಂಗವನ್ನು ಈಗ ಬೇರೆ ಥರ ಹೇಳುತ್ತಾರೆ. ಸೇಠ್ ಹೆಸರು ನೋಡಿ ಬಿಳಿಚಿಕೊಂಡರಂತೆ, ಕೈ ನಡುಗಿತಂತೆ, "ಈ ಹೆಸರು ನಿಮಗ ಯಾರು ಹೇಳಿದ್ರು" ಎಂದು ಕೇಳಿದರಂತೆ. ಲಾಲಮ್ಮ ನಿಜವಾಗಿಯೂ ಅವರ ಬದುಕಿನಲ್ಲಿ ಇದ್ದಳಂತೆ. ಅದು ಬಹಳ ಒಳ್ಳೆಯ ನಾಟಕ. ನಾನು ಅಲ್ಲೇ ನಿಂತಿದ್ದೆ. ಕೈ ನಡುಗಿದ್ದು ನೋಡಲಿಲ್ಲ. ನೋಡಲಿಲ್ಲ ಎಂದರೆ, ನಾನು ಅವರ ಕೈಯನ್ನು ನೋಡುತ್ತಿರಲಿಲ್ಲ. ಮುಖ ನೋಡುತ್ತಿದ್ದೆ.

ಮೆಂಬರ್ ಸಾಹೇಬರು ಮಾತಿಗೆ ತಪ್ಪಲಿಲ್ಲ. ಕೋಣೆಯ ಮೇಲೆ ಬೋರ್ಡು ಏರಿತು: ಲಾಲಮ್ಮ ಸ್ಮಾರಕ ರಂಗಮನೆ. ವಿರೋಧವಿಲ್ಲದ ಹೆಸರು ಸಿಗುವುದೇ ಕಷ್ಟ ಎಂದು ಅವರು ಉದ್ಘಾಟನೆಯಲ್ಲಿ ಮನಸಾರೆ ಹೇಳಿದರು. ಮುಂದೆ ವ್ಯಾಪಾರಿಗಳು ಸೇರಿ ಆಕೆಯ ಹೆಸರಲ್ಲಿ ವರ್ಷಕ್ಕೊಬ್ಬ ಕಲಾವಿದರಿಗೆ ಪ್ರಶಸ್ತಿಯನ್ನೂ ಶುರುಮಾಡಿದರು. ಭಾಲ್ಕಿಯ ಅಧ್ಯಕ್ಷರೂ ಬಂದು ಭಾಷಣ ಮಾಡಿ ಹೋದರು. ಲಾಲಮ್ಮನವರ ಸರಳತೆಯ ಬಗ್ಗೆ ಮಾತಾಡಿದರು ಎಂದು ನೆನಪು.

ಸೇಠ್ ಮಾತ್ರ ಆಮೇಲೆ ತಾಲೀಮಿಗೆ ಬರಲಿಲ್ಲ. ಹೆಸರು ಬೇಡವೆಂದವರಿಗೆ ಇನ್ನೊಬ್ಬರ ಹೆಸರು ಯಾಕೆ ಚುಚ್ಚಬೇಕು? ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಖಾಲಿ ಮಖಮಲ್ಲು ಇದ್ದಾಗ ಅದು ಅವರದೆಂದು ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತೇನೋ. ಅಥವಾ ಅವರದು ವಿನಯವೇ ಅಲ್ಲ, ಎಲ್ಲ ಹೆಸರುಗಳಿಗಿಂತ ದೊಡ್ಡದಾಗಿ ಕಾಣುವ ಒಂದು ಉಪಾಯ... ಹೀಗೆ ಅವರ ಮೇಲಿನ ಅನುಮಾನ ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕರೆ ನಿಲ್ಲುತ್ತಿದ್ದರು. "ಲಾಲಮ್ಮನವರು ಆರಾಮ ಅದಾರೇನ್ರಿ?" ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಕ್ಕರೋ ಇಲ್ಲವೋ ನೋಡುವಷ್ಟರಲ್ಲಿ ದಾಟಿ ಹೋಗಿರುತ್ತಿದ್ದರು.

ಊರಿನಿಂದ ಒಂದು ವಿಷಯ ಮಾತ್ರ ಮುಚ್ಚಿಡಲಾಗಲಿಲ್ಲ. ಪರದೆ ಬಂದದ್ದು ಮಿಲ್ಲಿನ ಪಿಕಪ್ಪಿನಲ್ಲಿ ಎಂಬ ಸಂಗತಿ ಚಾಲಕನಿಂದ ಚಹಾ ಅಂಗಡಿಗೆ, ಅಲ್ಲಿಂದ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳಿಗೆ ಹರಿಯಿತು. ಸೇಠ್ ಕೊಟ್ಟ ಪರದೆಯ ಮೇಲೆ ಯಾವುದೋ ಹೆಂಗಸಿನ ಹೆಸರು, ತನ್ನ ಹೆಸರು ಇಲ್ಲ. ಇನ್ನು ಹೇಳುವುದೇನು ಉಳಿಯಿತು? ಸೇಠ್‌ಗೆ ಇನ್ನೊಂದು ಮನೆ ಇತ್ತು ಎಂದಿತು ಊರು. ಅವರ ಕಿವಿಗೂ ಬಿದ್ದಿರಲೇಬೇಕು. ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆಯಬೇಕಾದರೆ ಪರದೆ ಕೊಟ್ಟದ್ದು ತಾವೆಂದು ಮೊದಲು ಒಪ್ಪಿಕೊಳ್ಳಬೇಕಿತ್ತು.

ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯನ್ನು ಅದೇ ರಂಗಮನೆಯಲ್ಲಿ, ಅದೇ ಪರದೆಯ ಮುಂದೆ ಇಟ್ಟರು. ಮಾತಾಡಿದವರು ಅವರ ವ್ಯಾಪಾರದ ಮಾತು, ನಡತೆಯ ಮಾತು ಆಡಿದರು. ಕಲೆಯ ಕಡೆಗೆ ಅವರಿಗೆ ಅಷ್ಟು ಒಲವಿರಲಿಲ್ಲ ಎಂದೂ ಒಬ್ಬರು ಹೇಳಿದರು. ಮಾಸ್ತರರು ಎದ್ದು ನಿಂತರು, ನನ್ನ ಕಡೆ ನೋಡಿದರು, ನಟರು ಮಾತು ಮರೆತಾಗ ನೋಡುವಂತೆ. ನಾವು ಮಾತು ಕೊಟ್ಟಿದ್ದೆವು. ಮಾಸ್ತರರು ಕೂತರು.

ಹೋದ ತಿಂಗಳು ಸೇಠಾಣಿಯವರು ಹೇಳಿಕಳಿಸಿದರು. ಸೇಠ್ ಅವರ ಹೆಂಡತಿಯನ್ನು ನಾನು ದೂರದಿಂದಷ್ಟೇ ನೋಡಿದ್ದೆ. ದೊಡ್ಡ ಮನೆ, ಮುಂದೆ ಕಟ್ಟೆ, ಒಳಗೆ ಸದ್ದಿಲ್ಲ. ಚಹಾ ತಾವೇ ಮಾಡಿ ತಂದರು.

"ಒಂದು ಮಾತು ಕೇಳ್ತೇನಿ ಟೀಚರ್. ನನಗ ಸಿಟ್ಟಿಲ್ಲ, ಮೊದಲೇ ಹೇಳ್ತೇನಿ. ಆ ಲಾಲಮ್ಮ ಯಾರ್ರಿ?"

ಕೊಟ್ಟ ಮಾತನ್ನು ನಾನು ಅಲ್ಲೇ ಬಿಟ್ಟುಬಿಟ್ಟೆ. ಎಲ್ಲವನ್ನೂ ಹೇಳಿದೆ. ಟೆಂಟ್ ಹೌಸಿನ ಚಾದರದಿಂದ ಹಿಡಿದು ಭಾಲ್ಕಿಯ ಟ್ರ್ಯಾಕ್ಟರ್, ಚಾಚಾನ ಕುಂಚ, ಔರಾದದ ಶಾಲಿನವರೆಗೆ. ಆಕೆ ಟೀಪಾಯಿಯ ಗಾಜನ್ನು ಸೆರಗಿನಿಂದ ಒರೆಸುತ್ತ ಕೇಳಿದರು. ಒರೆಸುವುದು ಮುಗಿದ ಮೇಲೂ ಒರೆಸುತ್ತಿದ್ದರು.

"ನಾಟಕದವರು ನೀವು. ಛಂದ ಹೇಳ್ತೀರಿ."

"ಖರೇನೇ ಹೇಳ್ತೇನ್ರಿ."

"ಖರೇ ಇದ್ದದ್ದು ಇಷ್ಟು ಉದ್ದ ಇರೂದಿಲ್ಲರಿ."

ನಾನು ಚಹಾ ಕುಡಿದೆ. ಆಕೆ ನನ್ನ ಕಪ್ಪು ಖಾಲಿಯಾಗುವವರೆಗೆ ಕಾದರು.

"ನನಗ ಮಕ್ಕಳಾಗಲಿಲ್ಲ, ಊರಿಗೆಲ್ಲಾ ಗೊತ್ತದ. ಆಕಿಗಿ ಆಗಿದ್ರ ಹೇಳ್ರಿ. ಸತ್ತಾಕಿ ಮ್ಯಾಲ ನಂದೇನದ ಜಗಳಾ. ಮಕ್ಕಳಿದ್ರ ಒಂದು ಹಬ್ಬಕ್ಕ ಕರೀತೇನಿ, ಉಂಡು ಹೋಗ್ಲಿ. ನಮ್ಮ ಮನಿಯವರ ಮೂಗೊ, ಕಣ್ಣೊ, ಯಾರಿಗಾದ್ರೂ ಬಂದಿರಬೇಕಲ್ರಿ."

"ಯಾರೂ ಇಲ್ಲರಿ," ಅಂದೆ.

ಆಕೆ ನನ್ನನ್ನು ನೋಡಿದರು. ಸಿಟ್ಟಿಲ್ಲ ಅಂದದ್ದು ನಿಜ, ಆ ನೋಟದಲ್ಲಿ ಸಿಟ್ಟಿರಲಿಲ್ಲ. ಯಾರೋ ದುಡ್ಡು ಕೊಟ್ಟು ಕಳಿಸಿದ ಸಾಕ್ಷಿಯನ್ನು ನೋಡುವ ಹಾಗೆ ನೋಡಿದರು.

"ಆತು," ಅಂದರು. "ಇವತ್ತ ಬ್ಯಾಡ. ಮುಂದಿನ ಸಲ ಬಂದಾಗ ಹೇಳ್ರಿ. ಅವಸರ ಇಲ್ಲ."

ಆಮೇಲೂ ಹೋಗಿದ್ದೇನೆ. ಮಾಸ್ತರರ ನೆನಪು ಈಗ ಪೂರ್ತಿ ಕೈಕೊಟ್ಟಿದೆ, ಅವರನ್ನು ಕರೆದುಕೊಂಡು ಹೋಗಿ ಹೇಳಿಸುವಂತಿಲ್ಲ. ಚಾಚಾ ಬರಲು ಒಪ್ಪುವುದಿಲ್ಲ. ಸೇಠ್ ಇಲ್ಲ, ಇದ್ದಿದ್ದರೂ ಹೇಳುತ್ತಿದ್ದರು ಎಂಬ ಭರವಸೆ ಇಲ್ಲ. ಸೇಠಾಣಿಯವರು ಮತ್ತೆ ಆ ಪ್ರಶ್ನೆ ಕೇಳಿಲ್ಲ. ಚಹಾ ಇಡುತ್ತಾರೆ, ಎದುರಿಗೆ ಕೂರುತ್ತಾರೆ, ಕಾಯುತ್ತಾರೆ. ಕಳೆದ ಸಲ ಎದ್ದು ಹೊರಟಾಗ ಬಾಗಿಲವರೆಗೆ ಬಂದು, ಹುಟ್ಟಿದ್ದು ಗಂಡೋ ಹೆಣ್ಣೋ ಅಷ್ಟಾದರೂ ಹೇಳಿ ಅಂದರು. ಇಲ್ಲದ ಒಬ್ಬರನ್ನು ಹುಟ್ಟಿಸುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಹೆಸರು ಕೂಡ ನಾಲಗೆಯ ತುದಿಗೆ ಬಂದಿತ್ತು. ಗೇಟಿನವರೆಗೆ ಬಾಯಿ ಮುಚ್ಚಿಕೊಂಡೇ ನಡೆದೆ.